ಮೂವತ್ತು ವರ್ಷದ ಮೇಲೆ ಸೈಕಲ್ ಹತ್ತಿದೆ: ಭರತ್‌ಪುರದ ಘನಾ ಸುತ್ತೋದು ಹೀಗೆ

ನಾನು ಸೈಕಲ್ ಸವಾರಿಯ ಪೈಕಿ ಅಲ್ಲ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಸೈಕಲ್ಲಿಗೆ ಒಳಪೆಡಲ್ ಹೊಡೆದು, ಎರಡು ಸಲ ಮೊಣಕೈ ಕೆತ್ತಿಸಿಕೊಂಡು ಕಲಿತವಳು. ಮದುವೆಯಾದ ಮೇಲೆ ಮುಟ್ಟಿರಲೇ ಇಲ್ಲ. ಈಗ ಚಳಿಗಾಲದಲ್ಲಿ ಎರಡು ತಿಂಗಳು ಗುರುಗ್ರಾಮದ ಮಗಳ ಮನೆಯಲ್ಲಿ ಇರುತ್ತೇವೆ. ಅಲ್ಲಿಂದ ಮೂರು ಸಲ ರಾಜಸ್ಥಾನದ ಭರತ್‌ಪುರಕ್ಕೆ ಹಕ್ಕಿ ನೋಡಲು ಹೋಗಿ ಬಂದೆ. ನನ್ನಂಥವಳಿಗೆ ಆಗಿದೆ ಅಂದಮೇಲೆ ನಿಮಗೂ ಆಗುತ್ತದೆ.

ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಅಂತ ಅಲ್ಲಿನ ಹಕ್ಕಿಧಾಮದ ಹೆಸರು. ಊರಿನವರು ಸುಮ್ನೆ ‘ಘನಾ’ ಅನ್ನುತ್ತಾರೆ, ದಟ್ಟ ಕಾಡು ಅಂತ. ಹೆಚ್ಚೂ ಕಡಿಮೆ 29 ಚದರ ಕಿಲೋಮೀಟರ್ ಜಾಗ. ಪ್ರವಾಸಿಗರ ಕಾರು ಗೇಟಿನ ಬಳಿಯೇ ನಿಲ್ಲಬೇಕು. ಮುಂದಕ್ಕೆ ನಡೆದು, ಇಲ್ಲ ಸೈಕಲ್, ಸೈಕಲ್ ರಿಕ್ಷಾ, ಬ್ಯಾಟರಿ ಗಾಡಿ. ಗೇಟಿನಿಂದ ಕೇವಲಾದೇವ ಶಿವನ ಗುಡಿಯವರೆಗೆ ಸುಮಾರು 5 ಕಿಲೋಮೀಟರ್ ಟಾರು ರಸ್ತೆ. ಒಂದು ದಿಬ್ಬವಿಲ್ಲ, ಒಂದು ಇಳಿಜಾರಿಲ್ಲ. ಮಂಡಿನೋವಿನವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ದೆಹಲಿಯಿಂದ ಭರತ್‌ಪುರ ಸುಮಾರು 180 ಕಿಲೋಮೀಟರ್, ಆಗ್ರಾದಿಂದ 55ರ ಆಸುಪಾಸು. ತಾಜ್ ಮಹಲ್ ನೋಡಲು ಬಂದವರು ಒಂದು ದಿನ ಜಾಸ್ತಿ ಇಟ್ಟುಕೊಂಡರೆ ಸಾಕು. ಆದರೆ ಹಿಂದಿನ ರಾತ್ರಿಯೇ ಬಂದು ಗೇಟಿನ ಹತ್ತಿರ ಉಳಿಯಿರಿ.

ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರವರಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಈ ವರ್ಷ ನೀರು ಬಂದಿದೆಯಾ? ಇದು ತಾನಾಗಿ ಆದ ಸರೋವರವಲ್ಲ. 18ನೇ ಶತಮಾನದಲ್ಲಿ ರಾಜ ಸೂರಜ್ ಮಲ್ ಕಟ್ಟಿಸಿದ ಅಜಾನ್ ಬಂಡ್ ಎಂಬ ಏರಿಯಿಂದ ತಗ್ಗಿಗೆ ನೀರು ಬಿಡುತ್ತಾರೆ. ನಮ್ಮ ಕೆರೆ ತೂಬಿನ ಲೆಕ್ಕವೇ. ಮಳೆ ಕೈಕೊಟ್ಟ ವರ್ಷ ಹಕ್ಕಿಗಳೂ ಕೈಕೊಡುತ್ತವೆ. ರೂಮು ಬುಕ್ ಮಾಡುವಾಗಲೇ ಹೋಟೆಲಿನವರನ್ನು ಕೇಳಿಬಿಡಿ.

ಜನವರಿಯಲ್ಲಿ ಹೋಗುವವರಿಗೆ ಮಂಜಿನ ವಿಷಯ. ಮೊದಲ ಸಲ ನಾವು ಸೂರ್ಯ ಹುಟ್ಟುವ ಮೊದಲೇ ಗೇಟಿನಲ್ಲಿ ನಿಂತಿದ್ದೆವು. ಹತ್ತು ಗಂಟೆಯವರೆಗೂ ನನ್ನ ಸೈಕಲ್ಲಿನ ಮುಂದಿನ ಚಕ್ರ ಬಿಟ್ಟು ಏನೂ ಕಾಣಲಿಲ್ಲ. ಎರಡೂ ಕಡೆ ಸಾವಿರ ಗಂಟಲು ಕೂಗುತ್ತಿವೆ, ಒಂದು ಹಕ್ಕಿಯೂ ಕಾಣದು. ಮಂಜಿದ್ದರೆ ತಿಂಡಿ ತಿಂದುಕೊಂಡು, ಅದು ಕರಗುತ್ತಿದ್ದಂತೆ ಹೊರಡಿ. ನವೆಂಬರಿನಲ್ಲಾದರೆ ಗೇಟು ತೆಗೆಯುತ್ತಿದ್ದಂತೆ ನುಗ್ಗಿ.

ಈಗ ಸೈಕಲ್. ಬಾಡಿಗೆಗೆ ಗೇಟಿನ ಹತ್ತಿರವೇ ಸಿಗುತ್ತದೆ. ಒಂದು ಗುರುತಿನ ಚೀಟಿ, ಚಿಲ್ಲರೆ ಹಣ ಇರಲಿ. ಕೊಟ್ಟಿದ್ದನ್ನು ತೆಗೆದುಕೊಂಡು ಹೊರಡಬೇಡಿ. ನನಗೆ ಒಮ್ಮೆ ಕೊಟ್ಟ ಸೈಕಲ್ಲಿಗೆ ಹಿಂದಿನ ಬ್ರೇಕು ಹೆಸರಿಗೆ ಮಾತ್ರ ಇತ್ತು. ಮೊದಲು ಎರಡೂ ಟಯರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ. ಬ್ರೇಕು ಹಿಡಿದು ಸೈಕಲ್ ತಳ್ಳಿ, ಚಕ್ರ ತಿರುಗಿದರೆ ಬೇರೆ ಕೇಳಿ. ಸೀಟನ್ನು ನಾಚಿಕೆಯಿಲ್ಲದೆ ಇಳಿಸಿಕೊಳ್ಳಿ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಓಡಿಸಲು ಅದು ಸರಿಯಾದ ಎತ್ತರ ಅಲ್ಲ ಅಂತ ಮಗಳು ವಾದಿಸುತ್ತಾಳೆ. ಇರಬಹುದು. ಆದರೆ ಇಲ್ಲಿ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತೀರಿ. ನಿಲ್ಲುವುದು ಸಲೀಸಾಗಿರಬೇಕು, ಅಲ್ವಾ? ಗೇರು ಬೇಕಿಲ್ಲ. ಮುಂದೆ ಬುಟ್ಟಿ ಇರುವ ಸೈಕಲ್ ಸಿಕ್ಕರೆ ಬಿಡಬೇಡಿ, ನೀರಿನ ಬಾಟಲಿ, ದುರ್ಬೀನು ಅಲ್ಲೇ ಇರುತ್ತವೆ. ತಿಂಡಿಯನ್ನು ಮಾತ್ರ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ, ಕೋತಿಗಳಿವೆ. ದುಪ್ಪಟ್ಟಾ ಹಾಕಿದ್ದರೆ ಸೊಂಟಕ್ಕೆ ಸುತ್ತಿ ಗಂಟು ಹಾಕಿ. ಚೈನಿಗೆ ಸಿಕ್ಕರೆ ಅಷ್ಟೇ.

ಗೇಟಿನ ಹೊರಗಿನ ಖಾಲಿ ಜಾಗದಲ್ಲಿ ಎರಡು ಸುತ್ತು ಹೊಡೆದು ನೋಡಿ. ನನ್ನ ಹ್ಯಾಂಡಲ್ ಹಾವಿನಂತೆ ಆಡುತ್ತಿತ್ತು. “ಬಿದ್ದೀಯ ಕಣೇ, ಬಾ ರಿಕ್ಷಾ ಹತ್ತು” ಅಂದರು ನಮ್ಮ ಯಜಮಾನರು. ಮೂರನೇ ಸುತ್ತಿಗೆ ಕೈ ಕೂತಿತು. ಅವರು ರಿಕ್ಷಾ ಹತ್ತಿದರು, ನಾನು ಹಿಂದೆ ಸೈಕಲ್ಲಿನಲ್ಲಿ. ಈ ಜೋಡಿ ಏರ್ಪಾಡು ನಿಮಗೂ ಒಳ್ಳೆಯದು. ಇಲ್ಲಿನ ರಿಕ್ಷಾದವರಿಗೆ ಹಕ್ಕಿ ಗುರುತಿಸುವ ತರಬೇತಿ ಇದೆ. ನಾವು ಬರೀ ಮರದ ಪೊಟರೆ ಅಂದುಕೊಂಡಿದ್ದನ್ನು ನಮ್ಮ ರಿಕ್ಷಾದವರು ಪುಟ್ಟ ಗೂಬೆ ಅಂತ ತೋರಿಸಿದರು.

ಶಾಂತಿ ಕುಟೀರ ಎಂಬ ತಡೆಯವರೆಗೆ ಒಣ ಕಾಡು. ಅಲ್ಲಿ ಹೊತ್ತು ಕಳೆಯಬೇಡಿ. ಅದು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ನೀರು ಶುರುವಾಗುತ್ತದೆ. ಅಲ್ಲಿಂದ ನಿಮ್ಮ ವೇಗ ನಡಿಗೆಗಿಂತ ಒಂಚೂರು ಜಾಸ್ತಿ ಇದ್ದರೆ ಸಾಕು. ನಾಮದ ಕೋಳಿ, ನೀರುಕಾಗೆ, ರೆಕ್ಕೆ ಒಣಗಿಸುತ್ತಾ ಕೂತ ಹಾವಕ್ಕಿ, ಎಲ್ಲ ರಸ್ತೆಯ ಪಕ್ಕದಲ್ಲೇ. ಒಮ್ಮೆ ನೀಲಗಾಯ್ ಎಂಬ ದೊಡ್ಡ ಹುಲ್ಲೆ ಒಂದು ಎದೆಮಟ್ಟದ ನೀರಿನಲ್ಲಿ ನಿಂತು ಪಾಚಿ ಮೇಯುತ್ತಿತ್ತು, ನಮ್ಮೂರ ಎಮ್ಮೆಯ ಹಾಗೆ.

ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ. ಇವು ನನಗೆ ಹಳೇ ಪರಿಚಯ. ಕೊಕ್ಕರೆ ಬೆಳ್ಳೂರು ನಮ್ಮದೇ ತಾಲ್ಲೂಕು, ಅಲ್ಲಿ ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಆದರೆ ನಮ್ಮ ಕಡೆ ಸಂಕ್ರಾಂತಿ ಸುಮಾರಿಗೆ ಗೂಡಿನ ಗಡಿಬಿಡಿ ಇದ್ದರೆ, ಇಲ್ಲಿ ಮುಂಗಾರು ಮುಗಿಯುವ ಹೊತ್ತಿಗೇ ಶುರು. ಜನವರಿಯಲ್ಲಿ ನೋಡಿದಾಗ ಮರಿಗಳು ಅಮ್ಮನಷ್ಟೇ ಎತ್ತರ ಬೆಳೆದು, ಮಾಸಲು ಬಣ್ಣದಲ್ಲಿ ನಿಂತಿದ್ದವು. ಗೂಡು ತುಂಬಿದ ಗಲಾಟೆಯೇ ನೋಡಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗಿ. ಪಟ್ಟೆತಲೆ ಹೆಬ್ಬಾತು ಬೇಕೆಂದರೆ ಮಾತ್ರ ಚಳಿಗಾಲವೇ. ಗದಗದ ಮಾಗಡಿ ಕೆರೆಗೆ ಬರುತ್ತವಲ್ಲ, ಅದೇ ಜಾತಿ.

ಬಿಸಿಲು ಏರಿದ ಮೇಲೆ ಹೆಬ್ಬಾವಿನ ಸರದಿ. ಚಳಿಗಾಲದಲ್ಲಿ ಮೈ ಕಾಯಿಸಲು ಬಿಲದಿಂದ ಹೊರಗೆ ಬಂದು ಮಲಗಿರುತ್ತವೆ. ಹೆಚ್ಚಿನವು ಮುಳ್ಳುಹಂದಿ ತೋಡಿದ ಬಿಲಗಳು. ರಿಕ್ಷಾದವರ ಜೊತೆ ಮಾತ್ರ ನೋಡಲು ಹೋಗಿ, ದೂರದಲ್ಲೇ ನಿಲ್ಲಿ.

ಒಂದು ತಪ್ಪು ನನ್ನಿಂದ ಆಯಿತು, ನೀವು ಮಾಡಬೇಡಿ. ಟಾರು ರಸ್ತೆಯಿಂದ ಏರಿಗಳ ಮೇಲೆ ಮಣ್ಣಿನ ದಾರಿಗಳು ಒಡೆಯುತ್ತವೆ. ನೋಡಲು ತುಂಬ ಚೆಂದ, ಜನವೂ ಇರುವುದಿಲ್ಲ. ಎರಡನೇ ಸಲ ಅಲ್ಲಿಗೆ ತಿರುಗಿಸಿದೆ. ಹತ್ತು ನಿಮಿಷಕ್ಕೆ ಹಿಂದಿನ ಚಕ್ರ ಪುಸ್ ಅಂತು. ನಮ್ಮಲ್ಲಿ ಬಳ್ಳಾರಿ ಜಾಲಿ ಅಂತೀವಲ್ಲ, ಅದೇ ಮುಳ್ಳು. ಅಷ್ಟು ದೂರ ಹೋದರೂ ಬಿಡಲಿಲ್ಲ ನೋಡಿ. ಸೈಕಲ್ ತಳ್ಳಿಕೊಂಡು ಒಂದು ಗಂಟೆ ನಡೆದೆ. ಏರಿಯ ದಾರಿ ನೋಡಲೇಬೇಕು ಅನ್ನಿಸಿದರೆ ಸೈಕಲ್ಲಿಗೆ ಬೀಗ ಹಾಕಿ ರಸ್ತೆಯಲ್ಲೇ ಬಿಟ್ಟು, ಕಾಲ್ನಡಿಗೆಯಲ್ಲಿ ಹೋಗಿ. ಹಾಗೆ ನಡೆದಾಗಲೇ ನಾನು ಸಾರಸ ಜೋಡಿ ನೋಡಿದ್ದು. ನನ್ನಷ್ಟೇ ಎತ್ತರ, ಕತ್ತು ಕೆಂಪು. ಒಂದು ಕೂಗಿದರೆ ಇನ್ನೊಂದು ತಕ್ಷಣ ದನಿಗೂಡಿಸುತ್ತದೆ.

ಗುಡಿಯ ಹತ್ತಿರ ಕಲ್ಲಿನ ಫಲಕಗಳಿವೆ. ಇದು ಹಿಂದೆ ರಾಜರ ಬಾತುಕೋಳಿ ಬೇಟೆಯ ಜಾಗ. ಯಾವ ದಿನ, ಎಷ್ಟು ಬಂದೂಕು, ಎಷ್ಟು ಹಕ್ಕಿ ಅಂತ ಕೆತ್ತಿಸಿದ್ದಾರೆ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನಕ್ಕೆ 4,273. ಆ ಸಂಖ್ಯೆಯನ್ನು ಎರಡು ಸಲ ಓದಿದೆ. ಸೈಬೀರಿಯಾದ ಬಿಳಿ ಕ್ರೇನ್‌ಗಳೂ ಇಲ್ಲಿಗೆ ಬರುತ್ತಿದ್ದವು. 2002ರ ಚಳಿಗಾಲದ ನಂತರ ಬಂದಿಲ್ಲ.

ಹೋಗಿ ಬರಲು ಒಟ್ಟು ಹತ್ತು ಕಿಲೋಮೀಟರ್ ಚಿಲ್ಲರೆ. ಬರೀ ಪೆಡಲ್ ತುಳಿದರೆ ಒಂದು ಗಂಟೆ. ನನಗೆ ಆರು ಗಂಟೆ ಹಿಡಿಯಿತು. ವಾಪಸ್ ಬರುವಾಗ ಕತ್ತಲಾಗುವ ಮೊದಲೇ ಗೇಟು ಸೇರಿ, ಸೈಕಲ್ಲಿಗೆ ದೀಪ ಇರುವುದಿಲ್ಲ. ಗುರುತಿನ ಚೀಟಿ ಕೇಳಿ ಇಸ್ಕೊಳ್ಳಿ. ನಾನು ಮರೆತು ಹೋಟೆಲಿನಿಂದ ಮತ್ತೆ ಓಡಿ ಬಂದೆ. ಮುಂದಿನ ಸಲ ತಾವೂ ಸೈಕಲ್ ತೆಗೆದುಕೊಳ್ಳುತ್ತಾರಂತೆ ನಮ್ಮ ಯಜಮಾನರು. ಸೀಟು ಇಳಿಸಿಕೊಟ್ಟರೆ ಮಾತ್ರ.