ಮೂರು ನಿಮಿಷದ ಗ್ರಾಮಫೋನ್ ತಟ್ಟೆಗಳಿಂದ ಒಂದು ಜೀವನ: ಜಿಮ್ಮಿ ರಾಜರ್ಸ್ ಪರಿಚಯವನ್ನು ಕನ್ನಡದಲ್ಲಿ ಬರೆಯುವ ಬಗೆ

ಬಸವನಗುಡಿಯ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಸೇರಿ ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತೇವೆ. ಹಾಡು ಹಾಕುವ ಮುನ್ನ ಒಬ್ಬರು ಗಾಯಕರ ಬಗ್ಗೆ ಹತ್ತು ನಿಮಿಷದ ಪರಿಚಯವನ್ನು ಕನ್ನಡದಲ್ಲಿ ಓದುವುದು ರೂಢಿ. ಅಂಥ ಪರಿಚಯ ಬರೆಯಬೇಕಾದವರಿಗೆ ಉಪಯೋಗವಾಗಲೆಂದು, ಅಮೆರಿಕದ ಕಂಟ್ರಿ ಸಂಗೀತದ (ಅಲ್ಲಿನ ದಕ್ಷಿಣ ಭಾಗದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಪ್ರಕಾರ) ಆರಂಭಕಾಲದ ಗಾಯಕ ಜಿಮ್ಮಿ ರಾಜರ್ಸ್ ಅವರನ್ನು ಉದಾಹರಣೆಯಾಗಿ ಇಟ್ಟುಕೊಂಡು, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ, ಬಿರುದುಗಳನ್ನು ಬದಿಗಿಡಿ. ರಾಜರ್ಸ್ ಅವರನ್ನು ಕಂಟ್ರಿ ಸಂಗೀತದ ಪಿತಾಮಹ ಎಂದು ಕರೆಯುತ್ತಾರೆ. ಆದರೆ ಪಿತಾಮಹ ಎಂದೊಡನೆ ನಮ್ಮ ಕಿವಿಗೆ ಪುರಂದರದಾಸರೇ ನೆನಪಾಗುವುದರಿಂದ, ಕೇಳುಗರು ಮೂವತ್ತೈದನೆಯ ವಯಸ್ಸಿಗೇ ತೀರಿಕೊಂಡ ಒಬ್ಬ ರೈಲ್ವೆ ಕೆಲಸಗಾರನ ಬದಲು ಒಬ್ಬ ವೃದ್ಧ ಆಚಾರ್ಯನನ್ನು ಕಲ್ಪಿಸಿಕೊಂಡುಬಿಡುತ್ತಾರೆ. ಬಿರುದಿನಿಂದ ಆರಂಭಿಸಿ ಕ್ಷಯರೋಗದಲ್ಲಿ ಮುಗಿಸಿದ ಪರಿಚಯಗಳನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಅವುಗಳಲ್ಲಿ ಆ ಮನುಷ್ಯ ಯಾವ ದಿನ, ಯಾವ ಊರಿನಲ್ಲಿ, ಯಾರ ಜೊತೆ ಕುಳಿತು ಏನು ಹಾಡಿದರು ಎಂಬುದೇ ಇರುವುದಿಲ್ಲ. ಅವರ ಧ್ವನಿಮುದ್ರಣದ ವೃತ್ತಿಜೀವನ ನಡೆದದ್ದು 1927ರ ಆಗಸ್ಟ್‌ನಿಂದ 1933ರ ಮೇ ತಿಂಗಳವರೆಗೆ, ಅಂದರೆ ಆರು ವರ್ಷವೂ ತುಂಬಲಿಲ್ಲ. ಆ ಅವಧಿಯಲ್ಲಿ ಅವರು ಧ್ವನಿಮುದ್ರಿಸಿದ ಸುಮಾರು 110 ಹಾಡುಗಳಿಗೆ ತಾರೀಖು ಸಿಗುತ್ತದೆ. ಇಷ್ಟು ಖಚಿತವಾದ ಆಧಾರ ಇರುವಾಗ ದಂತಕಥೆಯಿಂದ ಆರಂಭಿಸಬೇಕಾದ ಅಗತ್ಯವಿಲ್ಲ.

ಆದ್ದರಿಂದ ಒಂದು ಉದ್ದನೆಯ ನೋಟುಪುಸ್ತಕ ತೆಗೆದುಕೊಂಡು, ಪ್ರತಿ ಹಾಡಿಗೂ ಮುದ್ರಣದ ತಾರೀಖು, ಊರು, ಮ್ಯಾಟ್ರಿಕ್ಸ್ ಸಂಖ್ಯೆ (ಪ್ರತಿ ಮುದ್ರಣಕ್ಕೂ ಕಂಪನಿ ಕೊಡುತ್ತಿದ್ದ ಗುರುತಿನ ಸಂಖ್ಯೆ), ಜೊತೆಗೆ ನುಡಿಸಿದವರು, ಹಾಡು ಕಟ್ಟಿದವರು, ತಟ್ಟೆ ಮಾರುಕಟ್ಟೆಗೆ ಬಂದ ಕಾಲ ಎಂದು ಮನೆಗಳನ್ನು ಎಳೆದುಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರವು ನಡೆಸುವ ಅಮೆರಿಕನ್ ಐತಿಹಾಸಿಕ ಧ್ವನಿಮುದ್ರಣಗಳ ಸೂಚಿಯು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ರಾಜರ್ಸ್ ಅವರ ತಟ್ಟೆಗಳನ್ನು ಹೊರತಂದ ವಿಕ್ಟರ್ ಕಂಪನಿಯ ಮುದ್ರಣದ ವಿವರಗಳು ಅದರಲ್ಲಿವೆ. ಮೊದಲ ಸಾಲು ಹೀಗಿರುತ್ತದೆ: 1927ರ ಆಗಸ್ಟ್ 4, ಟೆನೆಸ್ಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣ, ಎರಡು ಹಾಡು. ವಿಕ್ಟರ್ ಪರವಾಗಿ ರಾಲ್ಫ್ ಪೀರ್ ಎಂಬವರು ಅಲ್ಲಿ ಹಳೆಯ ಟೋಪಿ ಗೋದಾಮಿನ ಮಹಡಿಯಲ್ಲಿ ಯಂತ್ರಗಳನ್ನು ಹೂಡಿದ್ದರು. ಅದೇ ವಾರ, ಅದೇ ಮಹಡಿಯಲ್ಲಿ, ಮುಂದೆ ಕಂಟ್ರಿ ಸಂಗೀತದಲ್ಲಿ ಹೆಸರಾದ ಕಾರ್ಟರ್ ಕುಟುಂಬ ಎಂಬ ಗಾಯನ ತಂಡದವರೂ ಮೊದಲ ಬಾರಿಗೆ ಹಾಡಿದ್ದರು. ರಾಜರ್ಸ್ ಒಂದು ತಂಡದೊಂದಿಗೆ ಬಂದಿದ್ದರು, ಆದರೆ ತಟ್ಟೆಯ ಮೇಲೆ ಯಾರ ಹೆಸರು ಹಾಕಬೇಕೆಂಬ ವಿಷಯದಲ್ಲಿ ಮನಸ್ತಾಪವಾಗಿ, ಒಬ್ಬರೇ ಗಿಟಾರ್ ಹಿಡಿದು ಹಾಡಬೇಕಾಯಿತು. ಸಿಕ್ಕಿದ ಸಂಭಾವನೆ 100 ಡಾಲರ್.

ಹಾಡುಗಳನ್ನು ಮುದ್ರಣದ ತಾರೀಖಿನ ಕ್ರಮದಲ್ಲೇ ಜೋಡಿಸಬೇಕು, ಬಿಡುಗಡೆಯ ಕ್ರಮದಲ್ಲಿ ಖಂಡಿತ ಅಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ರಾಜರ್ಸ್ ಅವರ ‘ಬ್ಲೂ ಯೋಡಲ್’ ಸರಣಿಯ ಹಾಡುಗಳಿಗೆ (ಯೋಡಲ್ ಎಂದರೆ ದನಿಯನ್ನು ಥಟ್ಟನೆ ಮುರಿದು ಮೇಲಿನ ಸ್ಥಾಯಿಗೆ ಹಾರಿಸುವ ಬಗೆ) ಸಂಖ್ಯೆಗಳಿವೆ. ಒಮ್ಮೆ ಅವುಗಳನ್ನು ಸಂಖ್ಯೆಯ ಪ್ರಕಾರ ಕೇಳಿಸುತ್ತ, ಹಾಲಿವುಡ್‌ನಲ್ಲಿ ಹಾಡಿ ಬಂದ ಮೇಲೆ ಹನ್ನೊಂದನೆಯದರಲ್ಲಿ ಶೈಲಿ ಹೇಗೆ ಬದಲಾಗಿದೆ ನೋಡಿ ಎಂದು ವಿವರಿಸಿಬಿಟ್ಟಿದ್ದೆ. ಮನೆಗೆ ಬರುವ ಹಿರಿಯರೊಬ್ಬರು, “ತಾರೀಖು ಏನಿದೆ ಸ್ವಲ್ಪ ನೋಡಿ ಹೇಳಿ” ಎಂದರು. ನೋಡಿದರೆ ಎಂಟು ಮತ್ತು ಒಂಬತ್ತನೆಯವು 1930ರ ಜುಲೈನಲ್ಲಿ ಹಾಲಿವುಡ್‌ನಲ್ಲಿ ಆದವು, ಹನ್ನೊಂದನೆಯದು ಅದಕ್ಕಿಂತ ಮೊದಲೇ, 1929ರ ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಆಗಿತ್ತು. ಕಂಪನಿ ಅದನ್ನು ಮೂರೂವರೆ ವರ್ಷ ಇಟ್ಟುಕೊಂಡು 1933ರಲ್ಲಿ ಹೊರತಂದಿತ್ತು. ಅಂದಿನಿಂದ ನೋಟುಪುಸ್ತಕದಲ್ಲಿ ತಾರೀಖಿನ ಮನೆ ತುಂಬದೆ ಒಂದು ವಾಕ್ಯವನ್ನೂ ಬರೆಯುವುದಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಕೇಳುವ ಕೆಲಸ. ಹತ್ತಂಗುಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಬೆಂಗಳೂರು ನಾಗರತ್ನಮ್ಮನವರ ಕಾಲದ ನಮ್ಮ ವಿದ್ವಾಂಸರೂ ಕೃತಿಗಳನ್ನು ಇಷ್ಟೇ ಅವಧಿಗೆ ಅಡಕ ಮಾಡಬೇಕಾಗಿತ್ತು ಎಂದರೆ ಈ ಒತ್ತಡ ಎಂಥದ್ದೆಂದು ನಮ್ಮ ಕೇಳುಗರಿಗೆ ತಕ್ಷಣ ಅರ್ಥವಾಗುತ್ತದೆ. ಹಳೆಯ ಗ್ರಾಮಫೋನ್ ಯಂತ್ರವನ್ನೇ ನೋಡದವರು ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬಂದು ಬರೆಯಲು ಕೂರುವುದು ಒಳ್ಳೆಯದು.

ಎಲ್ಲ ಹಾಡುಗಳನ್ನೂ ವಿವರಿಸಲು ಹೋಗಬೇಡಿ, ಒಂದನ್ನು ಹತ್ತಿರದಿಂದ ತೋರಿಸಿ. ನಾನು ಆರಿಸುವುದು 1927ರ ನವೆಂಬರ್ 30ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಮುದ್ರಣವಾದ ಮೊದಲ ‘ಬ್ಲೂ ಯೋಡಲ್’. ಇರುವುದು ಒಂದು ಗಿಟಾರ್, ಒಂದು ದನಿ. ಪದ್ಯದ ಮೊದಲ ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಇದು ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಹಾಡುಗಳ ಕಟ್ಟು. ಮೂರು ಸಾಲು ಎಂದ ಮಾತ್ರಕ್ಕೆ ಇದನ್ನು ನಮ್ಮ ತ್ರಿಪದಿಯೊಂದಿಗೆ ನೆಂಟಸ್ತನ ಕಟ್ಟುವ ಆಸೆಗೆ ಬೀಳಬಾರದು. ಬಾಯಿಂದ ಬಾಯಿಗೆ ಸಾಗುವ ಸಾಲುಗಳು ಹಾಡಿನಿಂದ ಹಾಡಿಗೆ ವಲಸೆ ಹೋಗುತ್ತವೆ ಎಂಬಷ್ಟು ಹೋಲಿಕೆಯನ್ನು ಮಾತ್ರ ಹೇಳಬಹುದು. ಪದ್ಯ ಮುಗಿದೊಡನೆ ದನಿಯು ಎದೆಯ ಸ್ಥಾಯಿಯಿಂದ ಥಟ್ಟನೆ ಮುರಿದು ಮೇಲಕ್ಕೆ ಹಾರುತ್ತದೆ. ಸಂಗೀತ ಪಾಠದಲ್ಲಿ ಕಳ್ಳದನಿ ಎಂದು ಗುರುಗಳು ತಿದ್ದುತ್ತಾರಲ್ಲ, ಅದೇ ದನಿ ಇಲ್ಲಿ ಅಲಂಕಾರ. ಕಿಶೋರ್ ಕುಮಾರ್ ಅವರ ಯೋಡಲಿಂಗ್ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ಮುರಿತದ ಜಾಗವನ್ನು ಸೆಕೆಂಡುಗಳ ಲೆಕ್ಕದಲ್ಲಿ ಗುರುತು ಹಾಕಿಟ್ಟುಕೊಂಡರೆ ಕೂಟದಲ್ಲಿ ಅಷ್ಟನ್ನೇ ಎರಡು ಸಲ ಕೇಳಿಸಬಹುದು.

ಹಾಡು ಕಟ್ಟಿದವರು ಯಾರು ಎಂಬ ಮನೆಯನ್ನು ತುಂಬುವಾಗ ಅತಿ ಹೆಚ್ಚು ಎಚ್ಚರ ಬೇಕು. ಪೀರ್ ಅವರ ಆದಾಯ ನಿಂತಿದ್ದದ್ದು ಹಾಡುಗಳ ಹಕ್ಕುಸ್ವಾಮ್ಯದ ಮೇಲೆ. ಎಲ್ಲರೂ ಹಾಡುವ ಹಳೆಯ ಹಾಡಿಗೆ ಹಕ್ಕು ಪಡೆಯಲಾಗದು, ಹೊಸದಾಗಿ ನೋಂದಾಯಿಸಬಲ್ಲ ಹಾಡೇ ಬೇಕು. ಹೀಗಾಗಿ ರಾಜರ್ಸ್ ಅವರಿಗೆ ಪ್ರತಿ ಸಲವೂ ಹೊಸ ಹಾಡುಗಳು ಬೇಕಾದವು, ಆದರೆ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆಗ ನೆರವಿಗೆ ಬಂದವರು ಪತ್ನಿ ಕ್ಯಾರಿಯ ಅಕ್ಕ ಎಲ್ಸಿ ಮ್ಯಾಕ್‌ವಿಲಿಯಮ್ಸ್. ಆಕೆ ಹಾಡು ಕಟ್ಟಿ, ಮುದ್ರಣದ ಊರಿಗೇ ಹೋಗಿ, ಬಾಯಿಪಾಠ ಮಾಡಿಸುತ್ತಿದ್ದರು. ಆಕೆಯ ಹೆಸರು ಅಚ್ಚಾಗದ ಹಾಡುಗಳಲ್ಲೂ ಆಕೆಯ ಕೈ ಇದೆ. ಆದ್ದರಿಂದ ‘ರಾಜರ್ಸ್ ರಚಿಸಿದ ಹಾಡು’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಕಟ್ಟಿದರು, ಕೂಡಿ ಕಟ್ಟಿದರು, ಹಳೆಯದನ್ನು ತಿದ್ದಿ ಹಾಡಿದರು ಎಂದು ಬಿಡಿಸಿ ಬರೆಯಿರಿ. ಪದ ಕಟ್ಟುವುದು ಎಂಬ ನಮ್ಮ ಮಾತು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತಟ್ಟೆಯ ಮೇಲಿನ ಚೀಟಿಯೊಂದನ್ನೇ ನಂಬಿದರೆ ಎಂಥ ನಷ್ಟವೆಂಬುದಕ್ಕೆ ಒಂಬತ್ತನೆಯ ‘ಬ್ಲೂ ಯೋಡಲ್’ ಸಾಕು: ಅದರಲ್ಲಿ ಟ್ರಂಪೆಟ್ ನುಡಿಸಿದವರು ಹೆಸರಾಂತ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೊ ನುಡಿಸಿದವರು ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್, ಆದರೆ ಚೀಟಿಯಲ್ಲಿ ಇಬ್ಬರ ಹೆಸರೂ ಇಲ್ಲ.

ಅನುವಾದದ ಒಂದು ತೊಡಕನ್ನೂ ಹೇಳಬೇಕು. ರಾಜರ್ಸ್ ಬ್ರೇಕ್‌ಮನ್ ಆಗಿದ್ದರು. ಅದನ್ನು ಗಾರ್ಡ್ ಎಂದು ಬರೆದರೆ ಹಸಿರು ಬಾವುಟ ಬೀಸುವ ನಮ್ಮ ಗಾರ್ಡ್ ಕಣ್ಣೆದುರು ಬರುತ್ತಾರೆ. ಬೋಗಿಗಳನ್ನು ಜೋಡಿಸುವುದು, ಬಿಡಿಸುವುದು, ಬ್ರೇಕುಗಳನ್ನು ನೋಡಿಕೊಳ್ಳುವುದು ಬ್ರೇಕ್‌ಮನ್ ಕೆಲಸ. ಪದವನ್ನು ಹಾಗೆಯೇ ಇಟ್ಟು, ಕೆಲಸವನ್ನು ಒಂದು ವಾಕ್ಯದಲ್ಲಿ ವಿವರಿಸಿ.

ಕಾಯಿಲೆಯ ವಿಷಯವನ್ನು ಬಿಡುವಂತಿಲ್ಲ, ಆದರೆ ಅದಕ್ಕೂ ತಾರೀಖೇ ದಾರಿ ತೋರಿಸಲಿ. 1924ರಲ್ಲಿ ಕ್ಷಯ ಪತ್ತೆಯಾಯಿತು, ಅಂದರೆ ಇಡೀ ವೃತ್ತಿಜೀವನ ರೋಗದ ನಂತರದ್ದು. 1931ರ ಜನವರಿಯಲ್ಲಿ ಆ ರೋಗದ ಬಗ್ಗೆಯೇ ಹಾಡಿದರು. 1933ರ ಮೇ 17ರಿಂದ ನ್ಯೂಯಾರ್ಕ್‌ನಲ್ಲಿ ಕೊನೆಯ ಮುದ್ರಣ ನಡೆದಾಗ, ಹಾಡುಗಳ ನಡುವೆ ಮಲಗಿ ಸುಧಾರಿಸಿಕೊಳ್ಳಲು ಮಂಚ ಹಾಕಿಸಲಾಗಿತ್ತು. ಮೇ 24ರಂದು ನಾಲ್ಕು ಹಾಡುಗಳಾದವು, 26ರಂದು ತೀರಿಕೊಂಡರು. ಈ ಸಾಲುಗಳ ಪಕ್ಕದಲ್ಲಿ ಕರುಣೆಯ ವಿಶೇಷಣಗಳನ್ನು ಸೇರಿಸಬೇಡಿ. ಬದಲಿಗೆ 1927ರ ಒಂದು ಹಾಡನ್ನೂ ಕೊನೆಯ ದಿನದ ಒಂದು ಹಾಡನ್ನೂ ಒಂದರ ಹಿಂದೊಂದು ಕೇಳಿಸಿ, ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಕೇಳುಗರೇ ಎಣಿಸಲಿ.

ಕೂಟವು ಮನೆಯಿಂದ ಸಭಾಂಗಣಕ್ಕೆ ಹೋಗುವುದಾದರೆ ಹಕ್ಕುಗಳನ್ನೂ ವಿಚಾರಿಸಿಕೊಳ್ಳಿ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯದ ಹಕ್ಕು ಬೇರೆ, ಅದು ಬರೆದವರ ಆಯುಸ್ಸನ್ನು ಅವಲಂಬಿಸುತ್ತದೆ. ಎಲ್ಸಿ ಮ್ಯಾಕ್‌ವಿಲಿಯಮ್ಸ್ 1985ರವರೆಗೆ ಬದುಕಿದ್ದರು. ಆದ್ದರಿಂದ ಆಕೆ ಪಾಲುಗೊಂಡ ಹಾಡನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸುವ ಮುನ್ನ, ಆ ಹಾಡಿನ ಹಕ್ಕು ಇಂದು ಯಾರ ಬಳಿ ಇದೆ ಎಂಬುದನ್ನು ನೋಟುಪುಸ್ತಕದ ಕೊನೆಯ ಮನೆಯಲ್ಲಿ ಬರೆದುಕೊಂಡಿರಬೇಕು.