ಸಮುದಾಯ ಕಲಿಕೆಯ ಫೆಲೋಶಿಪ್‌ಗೆ ಅರ್ಜಿ ಹಾಕೋ ಮುಂಚೆ ಒಂದ್ಸಲ ಊರಿಗೆ ಹೋಗಿ ಬನ್ನಿ

ಅರ್ಜಿ ಕರೆದಿದ್ದಾರೆ ಅಂತ ಗೊತ್ತಾದ ತಕ್ಷಣ ಕಂಪ್ಯೂಟರ್ ಮುಂದೆ ಕೂತು ಪ್ರಪೋಸಲ್ ಬರೆಯಬೇಡಿ. ಮೊದಲ ಸಲ ನಾನು ಹಾಗೇ ಮಾಡಿದ್ದೆ. ನಾನು ಕೆಮಿಸ್ಟ್ರಿ ಮೇಷ್ಟ್ರು, ಕೋಲಾರದ ಕಡೆಯವನು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಹುಡುಗರನ್ನು ಕರೆದುಕೊಂಡು ಹೋಗಿ ಎಷ್ಟಿದೆ ಅಂತ ಅಳೆಯೋಣ ಎಂದು ಬರೆದುಕೊಟ್ಟೆ. ಹೋದ ಮೊದಲ ದಿನವೇ ಅಂಗನವಾಡಿ ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಹೋದ ವರ್ಷಾನೂ ಬಾಟ್ಲಿಗೆ ನೀರು ಹಿಡ್ಕೊಂಡು ಹೋದ್ರು, ಏನಾಯ್ತು ಅಂತ ಯಾರೂ ಬಂದು ಹೇಳ್ಲಿಲ್ವಲ್ಲಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನಾನು ಹೇಳೋದೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಈ ಫೆಲೋಶಿಪ್ ಏನು ಅಂತ ಹೇಳಿಬಿಡ್ತೀನಿ. ಮೇಷ್ಟ್ರು ತಾನು ಪಾಠ ಮಾಡೋ ಒಂದು ಪೇಪರನ್ನೇ ಊರಿನ ಅಥವಾ ಬಡಾವಣೆಯ ಜನರ ಜೊತೆ ಸೇರಿ ಮತ್ತೆ ಕಟ್ಟಬೇಕು, ಅದಕ್ಕೆ ವಿಶ್ವವಿದ್ಯಾಲಯ ಸ್ವಲ್ಪ ಹಣವನ್ನೋ ಬಿಡುವನ್ನೋ ಕೊಡುತ್ತದೆ. ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಬ್ರೌನ್, ಜಾರ್ಜ್‌ಟೌನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಮುಂದೆ ನಿಂತು 1985ರಲ್ಲಿ ಕ್ಯಾಂಪಸ್ ಕಾಂಪ್ಯಾಕ್ಟ್ ಅನ್ನೋ ಕಾಲೇಜುಗಳ ಒಕ್ಕೂಟ ಕಟ್ಟಿದರು, ಅಲ್ಲಿನ ಎಷ್ಟೋ ಕಡೆ ಇಂಥ ಕೆಲಸಕ್ಕೆ ಒಂದು ಕೋರ್ಸಿನ ಪಾಠದ ಹೊರೆ ಇಳಿಸುತ್ತಾರೆ. ನಮ್ಮಲ್ಲಿ ಫೆಲೋಶಿಪ್ ಅನ್ನೋ ಹೆಸರೇ ಇರಬೇಕು ಅಂತಿಲ್ಲ. ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸೋಕೆ ಕೇಂದ್ರ ಸರ್ಕಾರ 2014ರಲ್ಲಿ ಶುರು ಮಾಡಿದ ಉನ್ನತ ಭಾರತ ಅಭಿಯಾನದಲ್ಲಿ ನಿಮ್ಮ ಕಾಲೇಜು ಸೇರಿದ್ದರೆ ದತ್ತು ತೆಗೆದುಕೊಂಡ ಹಳ್ಳಿಗಳ ಪಟ್ಟಿ ಆಫೀಸಿನಲ್ಲೇ ಇರುತ್ತದೆ. ಯುಜಿಸಿ ಕೂಡ ಸಮುದಾಯದ ಜೊತೆ ಒಡನಾಟಕ್ಕೆ 2 ಕ್ರೆಡಿಟ್‌ನ, 30 ಗಂಟೆಯ ಕೋರ್ಸ್ ರೂಪಿಸಿದೆ, ಅದರಲ್ಲಿ ಅರ್ಧ ಹೊತ್ತು ಊರಿನಲ್ಲೇ ಕಳೆಯಬೇಕು. ಈ ಎರಡನ್ನೂ ಅರ್ಜಿಯಲ್ಲಿ ಹೇಳಿ, ಪ್ರಿನ್ಸಿಪಾಲರು ಸಹಿ ಹಾಕೋಕೆ ಹಿಂದೆಮುಂದೆ ನೋಡಲ್ಲ.

ಈಗ ಊರಿನ ವಿಷಯ. ಹುಡುಗರಿಲ್ಲದೆ, ಫಾರ್ಮು ಇಲ್ಲದೆ, ಒಬ್ಬರೇ ಎರಡು ಮೂರು ಸಲ ಹೋಗಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದವರು, ನೀರು ಬಿಡೋ ವಾಟರ್‌ಮ್ಯಾನ್, ಇವರಿಗೆ ಗೊತ್ತಿರುವಷ್ಟು ಪಂಚಾಯಿತಿ ಕಡತಕ್ಕೆ ಗೊತ್ತಿರಲ್ಲ. "ನಿಮಗೇನು ಸಮಸ್ಯೆ" ಅಂತ ಕೇಳಿದರೆ ರಸ್ತೆ, ಚರಂಡಿ ಅಂತಾರೆ, ಯಾಕಂದರೆ ಕೇಳೋರೆಲ್ಲ ಅದನ್ನೇ ಕೇಳಿರ್ತಾರೆ. ಅದರ ಬದಲು ಬೆಳಗ್ಗೆ ಎದ್ದಾಗಿನಿಂದ ನೀರನ್ನು ಎಲ್ಲಿಂದ ತರ್ತೀರಿ, ಯಾವುದಕ್ಕೆ ಬಳಸ್ತೀರಿ ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ನಾನು ಎರಡನೇ ಸಲ ಹೀಗೆ ಕೂತಾಗ ನನ್ನ ಪ್ರಶ್ನೆಯೇ ಬದಲಾಯಿತು. ಆ ಊರಿನಲ್ಲಿ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರ್ತಾರೆ. ಆದರೆ ಅನ್ನ, ಸಾರು, ಮುದ್ದೆಗೆಲ್ಲ ನಲ್ಲಿಯಲ್ಲಿ ಬರೋ ಬೋರ್‌ವೆಲ್ ನೀರೇ, ಯಾಕಂದರೆ ಅಷ್ಟು ಕ್ಯಾನು ಹೊರೋರು ಯಾರು? "ಹೆಂಗೂ ಕುದೀತದಲ್ಲ, ಏನೂ ಆಗಲ್ಲ" ಅಂದುಕೊಂಡಿದ್ದರು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಾಢವಾಗುತ್ತದೆ. ನಾನು ಬರೀ ಬೋರ್‌ವೆಲ್ ಲೆಕ್ಕ ಹಾಕ್ತಿದ್ದೆ, ಅವರಿಗೆ ಬೇಕಾಗಿದ್ದದ್ದು ಅಡುಗೆ ನೀರಿನ ಲೆಕ್ಕ. ಘಟಕದ ನೀರು ನಿಜವಾಗಿ ಚೆನ್ನಾಗಿದೆಯಾ ಅನ್ನೋ ಅನುಮಾನವೂ ಇತ್ತು. ಈ ಎರಡು ಪ್ರಶ್ನೆ ಇಟ್ಟುಕೊಂಡು ಬರೆದ ಪ್ರಪೋಸಲ್ ಒಂದೂವರೆ ಪುಟದಲ್ಲಿ ಮುಗಿಯಿತು.

ಟೈಮ್‌ಟೇಬಲ್ ಹಾಕುವಾಗ ಸೆಮಿಸ್ಟರಿನ ಜೊತೆಗೆ ಊರಿನ ಕ್ಯಾಲೆಂಡರನ್ನೂ ನೋಡಿ. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಡೋ ವಾರದಲ್ಲಿ ಮನೆಯವರಿಗೆ ಯಾರಿಗೂ ನಿಮ್ಮ ಜೊತೆ ಮಾತಾಡೋಕೆ ಪುರುಸೊತ್ತಿರಲ್ಲ, ಹಾಲು ಕರೆಯೋ ಹೊತ್ತಿನಲ್ಲೂ ಅಷ್ಟೇ. ನಲವತ್ತು ಜನರನ್ನು ಒಂದೇ ಬಸ್ಸಿನಲ್ಲಿ ಇಳಿಸಬೇಡಿ. ಐದೈದು ಜನರ ತಂಡ ಮಾಡಿ, ಪ್ರತಿ ತಂಡಕ್ಕೂ ಒಂದು ಬೀದಿ, ಸೆಮಿಸ್ಟರ್ ಪೂರ್ತಿ ಅದೇ ಬೀದಿ.

ಬಜೆಟ್‌ನಲ್ಲಿ ಎಲ್ಲರೂ ಬ್ಯಾನರು, ಊಟ, ಬಸ್ ಬಾಡಿಗೆ ಬರೀತಾರೆ. ಊರಿನವರ ಹೊತ್ತಿಗೆ ಹಣ ಬರೆಯೋದನ್ನು ಮರೀತಾರೆ. ಹುಡುಗರಿಗೆ ಊರು ತೋರಿಸಿ ಹೇಳಿಕೊಡೋ ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬರ್ತಾರೆ ಅಲ್ವಾ? ಅವರಿಗೆ ಸಂಪನ್ಮೂಲ ವ್ಯಕ್ತಿಯ ಗೌರವಧನ ಅಂತಲೇ ಬರೆಯಿರಿ, ಮೇಷ್ಟ್ರುಗಳು ಬಂದರೆ ಕೊಡ್ತೀವಲ್ಲ, ಹಾಗೆ. ವೋಚರಿಗೆ ಅವತ್ತೇ ಸಹಿ ಹಾಕಿಸಿಕೊಳ್ಳಿ, ಹಣ ಹೇಗೆ ಖರ್ಚಾಯಿತು ಅಂತ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡುವಾಗ ಒದ್ದಾಡೋದು ತಪ್ಪುತ್ತದೆ.

ಮಾರ್ಕ್ಸ್ ವಿಷಯ ಚಿಕ್ಕದು. ಊರಿಗೆ ಹೋಗಿದ್ದಕ್ಕೆ ಇಂಟರ್ನಲ್ಸ್ ಕೊಡಬೇಡಿ, ಕಲಿತದ್ದಕ್ಕೆ ಕೊಡಿ. ಪ್ರತಿ ವಾರ ಒಂದು ಪುಟ ಡೈರಿ ಬರೆಸಿ: ಏನು ನೋಡಿದೆ, ಕ್ಲಾಸಿನಲ್ಲಿ ಓದಿದ್ದರ ಜೊತೆ ಅದು ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಫಲಿತಾಂಶ ವಾಪಸ್ ಕೊಡೋದು. ಇದಕ್ಕೆ ಪ್ರಪೋಸಲ್‌ನಲ್ಲೇ ತಾರೀಕು ಹಾಕಿ, ಕೊನೆಯ ಎರಡು ವಾರ ಬೇರೆ ಏನೂ ಇಟ್ಟುಕೊಳ್ಳಬೇಡಿ. ಹುಡುಗರ ಟೆಸ್ಟನ್ನು ಹಾಗೇ ಹೇಳಬೇಡಿ, ಮಿತಿ ದಾಟಿದ ಸ್ಯಾಂಪಲ್‌ಗಳನ್ನು ಜಿಲ್ಲೆಯ ಸರ್ಕಾರಿ ನೀರು ಪರೀಕ್ಷಾ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ, ಸುಮ್ನೆ ಊರಿನವರನ್ನು ಹೆದರಿಸೋದು ತಪ್ಪು. ಆಮೇಲೆ ಗ್ರಾಮ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ಪಂಚಾಯಿತಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ನಾವು ಒಂದು ದೊಡ್ಡ ಹಾಳೆಯ ಮೇಲೆ ಬೀದಿವಾರು ಚಾರ್ಟ್ ಮಾಡಿದೆವು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಹಸಿರು, 1.5ರವರೆಗೆ ಹಳದಿ, ಅದಕ್ಕೂ ಜಾಸ್ತಿ ಇದ್ದರೆ ಕೆಂಪು. ಪಂಚಾಯಿತಿ ಆಫೀಸಿಗೆ ಅಂಟಿಸೋಣ ಅಂತಿದ್ದೆ, ಅಜ್ಜಿ ಬೇಡ ಅಂದರು. ಹಾಲಿನ ಡೇರಿ ಗೋಡೆಗೆ ಹಾಕಿಸಿದರು, ಅಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತೂ ಇಡೀ ಊರು ಕ್ಯಾನು ಹಿಡಿದು ಸಾಲಲ್ಲಿ ನಿಂತಿರ್ತದೆ.