ಫ್ರಾನ್ಸಿನ ಆರ್ಕೈವ್‌ಗಳಲ್ಲಿ ಒಬ್ಬ ಕ್ಲಾರಿನೆಟ್ ವಾದಕನ ಜಾಡು ಹಿಡಿದು

ಕ್ಲಾರಿಯೊನೆಟ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ರಾಯಚೂರಿನ ನರಸಿಂಹಲು ವಡವಾಟಿ ನೆನಪಾಗುತ್ತಾರೆ. ಫ್ರಾನ್ಸಿನಲ್ಲಿ ಅದೇ ವಾದ್ಯದ ಜೊತೆ ಯುದ್ಧಕಾಲದ ಒಂದು ಕಥೆ ಅಂಟಿಕೊಂಡಿದೆ. ಅದು ಆಂರಿ ಅಕೋಕಾ ಅವರದು. ಅಲ್ಜೀರಿಯಾದಲ್ಲಿ 1912ರಲ್ಲಿ ಹುಟ್ಟಿದ ಯಹೂದಿ. 1940ರಲ್ಲಿ ಜರ್ಮನ್ನರಿಗೆ ಸೆರೆಸಿಕ್ಕ ಫ್ರೆಂಚ್ ಸೈನಿಕ. 1941ರ ಜನವರಿ 15ರಂದು ಜರ್ಮನಿಯ ಗ್ಯೋರ್ಲಿಟ್ಸ್‌ನ ಸ್ಟಾಲಾಗ್ 8-ಎ ಯುದ್ಧಕೈದಿಗಳ ಶಿಬಿರದಲ್ಲಿ ಫ್ರೆಂಚ್ ಸಂಗೀತ ರಚನಕಾರ ಒಲಿವಿಯೇ ಮೆಸಿಯಾನ್ ಅವರ 'ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್' ಮೊದಲ ಬಾರಿ ಕೇಳಿಸಿದಾಗ ಕ್ಲಾರಿನೆಟ್ ನುಡಿಸಿದವರು ಇವರೇ. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಲಾರಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ರೈಲಿನ ಮೇಲೆ ಜಿಗಿದು ತಪ್ಪಿಸಿಕೊಂಡರಂತೆ.

ಈ 'ಅಂತೆ'ಯ ಹಿಂದೆ ಏನಿದೆ ಅಂತ ನೋಡಬೇಕಾದರೆ ಕಾಗದ ಹುಡುಕಬೇಕು. ಆ ಸಂಜೆ ಐದು ಸಾವಿರ ಜನ ಕೇಳಿದರು, ಚೆಲ್ಲೋಗೆ ಮೂರೇ ತಂತಿ ಇತ್ತು ಅಂತ ಮೆಸಿಯಾನ್ ಹೇಳಿಕೊಂಡು ಬಂದರು. ಚೆಲ್ಲೋ ನುಡಿಸಿದ ಎತಿಯೆನ್ ಪಾಸ್ಕಿಯೇ ಅವರೋ, ನಾಲ್ಕೂ ತಂತಿ ಇತ್ತು ಅಂದರು. ಕೇಳುಗರು ಕೆಲವು ನೂರು ಇದ್ದಿರಬಹುದು, ಅಷ್ಟೇ. ಒಂದೇ ವೇದಿಕೆ ಮೇಲೆ ಕೂತಿದ್ದವರ ನೆನಪೇ ಹೀಗಾದರೆ, ಆಮೇಲೆ ಬರೆದವರನ್ನು ಎಷ್ಟು ನಂಬೋದು ಅಲ್ವಾ?

ಫ್ರಾನ್ಸಿನಲ್ಲಿ ಕಾಗದಕ್ಕೆ ಬರವಿಲ್ಲ. ಆದರೆ ಒಬ್ಬ ಮನುಷ್ಯನ ಕಾಗದವೆಲ್ಲ ಒಂದೇ ಕಡೆ ಸಿಗುವುದಿಲ್ಲ. ಯಾವ ಕಚೇರಿ ಬರೆಯಿತೋ ಆ ಕಚೇರಿಯ ಹೆಸರಲ್ಲೇ ಅದು ಉಳಿಯುತ್ತದೆ. ಹಾಗಾಗಿ 'ಅಕೋಕಾ ಬಗ್ಗೆ ಏನಿದೆ?' ಅಂತ ಕೇಳಿದರೆ ಉಪಯೋಗವಿಲ್ಲ. 'ಈ ವರ್ಷ ಇವರ ಹೆಸರನ್ನು ಬರೆದುಕೊಳ್ಳುವ ಕೆಲಸ ಯಾರಿಗಿತ್ತು?' ಅಂತ ಕೇಳಿಕೊಳ್ಳಿ.

ಮೊದಲು ಬೇಕಾದದ್ದು ಹುಟ್ಟಿದ ದಿನ ಮತ್ತು ಊರು. ಇವೆರಡೂ ಇಲ್ಲದೆ ಇಲ್ಲಿ ಯಾರೂ ಕಡತ ಹುಡುಕಿಕೊಡುವುದಿಲ್ಲ. 75 ವರ್ಷ ದಾಟಿದ ಜನನ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು, ಸಂಬಂಧಿಕರೇ ಆಗಬೇಕಿಲ್ಲ. ಫ್ರಾನ್ಸಿನೊಳಗೆ ಹುಟ್ಟಿದವರಾದರೆ ಆ ಊರಿನ ಮೆರಿ (ಪುರಸಭೆ ಕಚೇರಿ), ಇಲ್ಲವೇ ಜಿಲ್ಲಾ ಆರ್ಕೈವ್. ಅಲ್ಜೀರಿಯಾದಲ್ಲಿ ಹುಟ್ಟಿದವರ ವಿಷಯ ಬೇರೆ. ವಸಾಹತು ಕಾಲದ ದಾಖಲೆಗಳ ಪ್ರತಿ ಎಕ್ಸ್-ಆಂ-ಪ್ರೊವಾನ್ಸ್‌ನ ಸಾಗರೋತ್ತರ ಆರ್ಕೈವ್‌ನಲ್ಲಿದೆ, ವಿದೇಶಾಂಗ ಇಲಾಖೆಯ ಜನನ-ಮರಣ ವಿಭಾಗ ನಾಂತ್ ನಗರದಲ್ಲಿದೆ. ದಾಖಲೆ ಕೈಗೆ ಬಂದ ಮೇಲೆ ಅದರ ಅಂಚನ್ನು ಬಿಡದೆ ಓದಿ. ಮದುವೆ ಯಾರ ಜೊತೆ, ಯಾವ ಊರಲ್ಲಿ, ವಿಚ್ಛೇದನ ಆಯಿತೇ, ಮರಣ ಎಲ್ಲಿ, ಎಲ್ಲವನ್ನೂ ಬೇರೆ ಬೇರೆ ಕಾಲದ ಗುಮಾಸ್ತರು ಬೇರೆ ಬೇರೆ ಶಾಯಿಯಲ್ಲಿ ಅಲ್ಲೇ ಪಕ್ಕದಲ್ಲಿ ಗೀಚಿರುತ್ತಾರೆ. ಎಷ್ಟೋ ಸಲ ನಡುವಿನ ಪಠ್ಯಕ್ಕಿಂತ ಅಂಚಿನಲ್ಲೇ ಜಾಸ್ತಿ ವಿಷಯ ಇರುತ್ತದೆ.

ಮುಂದಿನದು ಸೇನೆಯ ದಾಖಲಾತಿ ಪುಸ್ತಕ, ರೆಜಿಸ್ತ್ರ್ ಮಾತ್ರಿಕ್ಯೂಲ್. ಇಲ್ಲಿ ಲೆಕ್ಕ ಹುಟ್ಟಿದ ವರ್ಷಕ್ಕೆ 20 ಕೂಡಿಸುವುದು. ಅಂದರೆ 1912ರಲ್ಲಿ ಹುಟ್ಟಿದವರು 1932ರ 'ಕ್ಲಾಸ್', ಅಂದರೆ ಆ ವರ್ಷದ ಸೇನಾ ತಂಡ. ಇಪ್ಪತ್ತನೇ ವಯಸ್ಸಿಗೆ ಎಲ್ಲಿ ವಾಸವಿದ್ದರೋ ಅಲ್ಲಿನ ನೇಮಕ ಕಚೇರಿ ಬರೆದುಕೊಂಡಿರುತ್ತದೆ, ಹುಟ್ಟಿದ ಊರು ನೋಡಿ ಮೋಸ ಹೋಗಬೇಡಿ. ಎತ್ತರ, ಕೂದಲ ಬಣ್ಣ, ಕಸುಬು, ಬದಲಾದ ವಿಳಾಸ, ಪಡೆ, ಸೆರೆಯಾದದ್ದು, ಎಲ್ಲಾ ಒಂದೇ ಹಾಳೆಯಲ್ಲಿ ಸಿಗಬಹುದು. 1930ರ ದಶಕದವು ಹೆಚ್ಚಾಗಿ ಆನ್‌ಲೈನ್‌ನಲ್ಲಿ ಇರುವುದಿಲ್ಲ, ಪತ್ರ ಬರೆಯಬೇಕು.

ಸೆರೆವಾಸದ ಭಾಗಕ್ಕೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಒಂದಿದೆ. ಜರ್ಮನ್ ಸೇನೆ ಕೊಟ್ಟ ಮಾಹಿತಿ ಮೇಲೆ 1940-41ರಲ್ಲಿ ಫ್ರೆಂಚ್ ಕೈದಿಗಳ 100 ಅಧಿಕೃತ ಪಟ್ಟಿಗಳು ಅಚ್ಚಾದವು. ಅವು ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರು, ಹುಟ್ಟಿದ ದಿನ, ಊರು, ಪಡೆ, ಶಿಬಿರ, ಎಲ್ಲಾ ಇರುವೆಸಾಲಿನಂಥ ಸಣ್ಣಕ್ಷರದಲ್ಲಿ. ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಹಾಕಿ ಸಿಗದಿದ್ದರೆ ಕೈಬಿಡಬೇಡಿ, ಯಂತ್ರ ಆ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ. ಬೇರೆ ಸ್ಪೆಲಿಂಗ್ ಕೊಟ್ಟು ನೋಡಿ, ಇಲ್ಲದಿದ್ದರೆ ಅಕಾರಾದಿಯಲ್ಲಿ ಕಣ್ಣಾಡಿಸಿ. 'ಸ್ಟಾಲಾಗ್' ಸಾಮಾನ್ಯ ಸೈನಿಕರದು, 'ಓಫ್ಲಾಗ್' ಅಧಿಕಾರಿಗಳದು.

ಅದಾದ ಮೇಲೆ ಕಾಂ ನಗರ. ಫಿಲ್ಮ್ ಫೆಸ್ಟಿವಲ್ ನಡೆಯುವ ಕಾನ್ ಅಲ್ಲ, ಉತ್ತರಕ್ಕೆ ನಾರ್ಮಂಡಿಯಲ್ಲಿರುವುದು. ಸೇನೆಯ ಇತಿಹಾಸ ವಿಭಾಗ ಯುದ್ಧಕೈದಿಗಳ, ಗಡೀಪಾರಾದವರ ವೈಯಕ್ತಿಕ ಕಡತಗಳನ್ನು ಅಲ್ಲಿ ಇಟ್ಟಿದೆ. ಜಿನೀವಾದ ರೆಡ್‌ಕ್ರಾಸ್ ಬಳಿಯೂ ಕೈದಿಗಳ ಕಾರ್ಡುಗಳಿವೆ. ಆದರೆ ಅವರು ಅರ್ಜಿ ತೆಗೆದುಕೊಳ್ಳುವುದು ವರ್ಷದಲ್ಲಿ ಕೆಲವೇ ಸಲ, ಬೇಗ ಭರ್ತಿಯಾಗಿಬಿಡುತ್ತದೆ.

ಅಕೋಕಾ ಅಂಥವರ ವಿಷಯದಲ್ಲಿ ಇನ್ನೊಂದು ಎಳೆ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಜರ್ಮನಿಗೆ ಸೋತ ಮೇಲೆ ಫ್ರಾನ್ಸಿನಲ್ಲಿ ಬಂದ ವಿಶಿ ಸರ್ಕಾರದ 1940ರ ಅಕ್ಟೋಬರ್ 3ರ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಿತು. ನಾಲ್ಕೇ ದಿನದಲ್ಲಿ, ಅಕ್ಟೋಬರ್ 7ರಂದು, ಅಲ್ಜೀರಿಯಾದ ಯಹೂದಿಗಳಿಗೆ 1870ರಿಂದ ಇದ್ದ ಪೌರತ್ವವೂ ಹೋಯಿತು. ಫ್ರಾನ್ಸಿಗಾಗಿ ಹೋರಾಡಿ ಜರ್ಮನ್ ಶಿಬಿರದಲ್ಲಿ ಕೂತಿದ್ದ ಮನುಷ್ಯ, ಕಾಗದದ ಮೇಲೆ ಫ್ರೆಂಚ್ ನಾಗರಿಕನೇ ಅಲ್ಲ! ಹಾಗಾಗಿ ಇಂಥವರನ್ನು ಸೈನಿಕರ ಕಡತದಲ್ಲಿ ಮಾತ್ರವಲ್ಲ, ಯಹೂದಿ ವಿರೋಧಿ ಆಡಳಿತದ ಕಡತಗಳಲ್ಲೂ ಹುಡುಕಬೇಕು. ಪ್ಯಾರಿಸ್‌ನ ಮಾರೆ ಬಡಾವಣೆಯಲ್ಲಿರುವ ಯಹೂದಿ ನರಮೇಧದ ಸ್ಮಾರಕ ಮೆಮೊರಿಯಾಲ್ ದ ಲಾ ಶೋವಾದ ಓದುಕೋಣೆ ಇದಕ್ಕೆ ಒಳ್ಳೆಯ ಜಾಗ. 2015ರ ಡಿಸೆಂಬರ್ 24ರ ಆದೇಶ ವಿಶಿ ಕಾಲದ ಎಷ್ಟೋ ಕಡತಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಇನ್ನೂ ಮುಚ್ಚಿರುವುದು ಸಿಕ್ಕರೆ 'ದೆರೊಗಾಸಿಯೋಂ' ಅನ್ನುವ ವಿಶೇಷ ಅನುಮತಿಗೆ ಅರ್ಜಿ ಹಾಕಬಹುದು.

ಸಂಗೀತಗಾರನಾಗಿ ಅವರ ಜಾಡು ರಾಷ್ಟ್ರೀಯ ಆರ್ಕೈವ್‌ನಲ್ಲಿದೆ. ಪ್ಯಾರಿಸ್ ಕನ್ಸರ್ವೇಟರಿಯ ಹಳೆಯ ಕಾಗದಗಳು ಎಜೆ 37 ಸರಣಿಯಲ್ಲಿವೆ. ಅವು ಇರುವುದು ಪ್ಯಾರಿಸ್ ಹೊರವಲಯದ ಪಿಯರ್‌ಫಿತ್‌ನಲ್ಲಿ; ಅಲ್ಲಿಗೆ ಹೋಗಲು 13ನೇ ಮೆಟ್ರೊದ ಕೊನೆಯ ನಿಲ್ದಾಣವಾದ ಸಾಂ-ದೆನಿ ಯೂನಿವರ್ಸಿತೆಯಲ್ಲಿ ಇಳಿಯಿರಿ. ಪಾಸ್‌ಪೋರ್ಟ್ ತನ್ನಿ, ಪೆನ್ನು ಬೇಡ, ಪೆನ್ಸಿಲ್ ಸಾಕು. ಫೋನ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ಕಡತವನ್ನು ಮೊದಲೇ ಕಾದಿರಿಸಬೇಕು. ಟಿತ್ರ್ ದ ಸೆಜೂರ್, ಅಂದರೆ ವಾಸದ ಪರವಾನಗಿಗಾಗಿ ಪ್ರಿಫೆಕ್ಚರ್ ಎಂಬ ಸರ್ಕಾರಿ ಕಚೇರಿ ಅಲೆದವರಿಗೆ ರಾಂದೆವೂ (ಮುಂಚಿತವಾಗಿ ಗೊತ್ತುಮಾಡಿದ ಭೇಟಿ) ಅಂದರೆ ಏನು ಅಂತ ನಾನು ಹೇಳಬೇಕಿಲ್ಲ! ಆದರೆ ಆರ್ಕೈವ್‌ನವರು ಅಷ್ಟು ಬಿಗಿ ಇರುವುದಿಲ್ಲ. ಹರಕುಮುರುಕು ಫ್ರೆಂಚಿನಲ್ಲಿ ಕೇಳಿದರೂ ಎದ್ದು ಬಂದು ಸೂಚಿ ತೋರಿಸುತ್ತಾರೆ.

ಪತ್ರ ಬರೆಯುವಾಗ ಕಥೆ ಬೇಡ. ಕುಲನಾಮ ದೊಡ್ಡಕ್ಷರದಲ್ಲಿ, ಹುಟ್ಟಿದ ದಿನ, ಊರು, ಕೈದಿಯಾಗಿದ್ದ ಶಿಬಿರ, ನಿಮಗೆ ಬೇಕಾದದ್ದು ಏನು, ಕೊನೆಗೆ ಒಂದು ವಂದನೆ. ಅನುವಾದದ ಆ್ಯಪ್ ಅಚ್ಚಾದ ಹಾಳೆಗೆ ಸಾಕಾಗುತ್ತದೆ, ಕೈಬರಹಕ್ಕೆ ಅದನ್ನು ನೆಚ್ಚಬೇಡಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಕಾಂಗೆ ಹೋಗುವ ಪತ್ರವನ್ನು ಇವತ್ತೇ ಕಳಿಸಿ, ಗಾಲಿಕಾ ಪಟ್ಟಿಗಳನ್ನು ಕಾಯುವ ದಿನಗಳಿಗೆ ಇಟ್ಟುಕೊಳ್ಳಿ.